ಮೆಂಬ್ರೇನ್ ರಿಸರ್ಚ್ ಮಾಡಿ ಪ್ರೊಫೆಸರ್ ಆಗೋ ದಾರಿ ನಿಜಕ್ಕೂ ಹೆಂಗಿರುತ್ತೆ? ಗೊತ್ತಿರೋರು ಹೇಳಿ

ಅರಸೀಕೆರೆ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಕೆಮಿಕಲ್ ಇಂಜಿನಿಯರಿಂಗ್ ಫೈನಲ್ ಇಯರ್, ಊರು ಅರಸೀಕೆರೆ ಹತ್ರ ಒಂದು ಹಳ್ಳಿ. ಪ್ರಾಜೆಕ್ಟ್‌ಗೆ ಅಂತ ಪಾಲಿಸಲ್ಫೋನ್ ಅನ್ನೋ ಪ್ಲಾಸ್ಟಿಕ್‌ನಿಂದ ಮೆಂಬ್ರೇನ್, ಅಂದ್ರೆ ನೀರು ಸೋಸೋ ತೆಳು ಹಾಳೆ, ಮಾಡೋದು ತಗೊಂಡ್ವಿ. ಪಾಲಿಮರ್‌ನ ಸಾಲ್ವೆಂಟಲ್ಲಿ ಕರಗಿಸಿ ಗಾಜಿನ ಪ್ಲೇಟ್ ಮೇಲೆ ತೆಳ್ಳಗೆ ಎಳೆದು ನೀರಲ್ಲಿ ಮುಳುಗಿಸಬೇಕು, ಮುಳುಗಿಸಿದ ಸ್ವಲ್ಪ ಹೊತ್ತಿಗೇ ಪಾರದರ್ಶಕವಾಗಿದ್ದಿದ್ದು ಬೆಳ್ಳಗಾಗಿ ಗಾಜು ಬಿಟ್ಟು ತೇಲಿ ಬರುತ್ತೆ. ಮೊದಲ್ನೇ ಸಲ ನೋಡಿದಾಗ್ಲೇ ಇದನ್ನ ಇನ್ನೂ ಮಾಡ್ಬೇಕು ಅನ್ನಿಸ್ತು, ಆಮೇಲೆ ಸೆಮಿಸ್ಟರ್ ಪೂರ್ತಿ ಲ್ಯಾಬ್‌ನಲ್ಲೇ ಇದ್ದೆ.

ನಮ್ಮ ಗೈಡ್ ಮೇಡಂ ಪಿಎಚ್‌ಡಿ ಮಾಡು, ಟೀಚಿಂಗ್‌ಗೆ ಬಾ, ನಿಂಗೆ ಕೈ ಹಿಡಿಯುತ್ತೆ ಅಂತಾರೆ. ಇನ್ನೊಂದು ಕಡೆ ಕ್ಯಾಂಪಸ್‌ನಲ್ಲಿ ಒಂದು ಕಂಪನಿ ಕೆಲಸನೂ ಸಿಕ್ಕಿದೆ. ಅಪ್ಪಂಗೆ ತೆಂಗಿನ ತೋಟ, ಮಳೆ ನಂಬ್ಕೊಂಡಿರೋ ಮನೆ, ಅವ್ರು ಬೇಡ ಅನ್ನಲ್ಲ ಆದ್ರೆ ಇನ್ನೂ ಎಷ್ಟು ವರ್ಷ ಓದ್ತೀಯಮ್ಮ ಅಂತ ಕೇಳಿದ್ರೆ ನನ್ ಹತ್ರ ಉತ್ತರ ಇಲ್ಲ. ಅಮ್ಮಂದು ಮದುವೆ ಚಿಂತೆ.

ನಂಗೆ ಗೊತ್ತಾಗ್ಬೇಕಿರೋದು ಇಷ್ಟು. ಮೆಂಬ್ರೇನ್ ಫೀಲ್ಡ್‌ನಲ್ಲಿ ಪ್ರೊಫೆಸರ್ ಆಗೋಕೆ ಎಷ್ಟು ವರ್ಷ ಬೇಕು, ಅಲ್ಲಿವರೆಗೂ ಹೊಟ್ಟೆಪಾಡು ಹೆಂಗೆ, ಆದ್ಮೇಲೆ ಅವ್ರು ದಿನಾ ಮಾಡೋ ಕೆಲಸ ಏನು? ಇನ್ನೊಂದು, ಮೆಂಬ್ರೇನ್‌ನಿಂದ ನೀರು ಶುದ್ಧ ಮಾಡೋ ಆರ್‌ಓ ಅಂತೂ ಈಗ ಹಳ್ಳಿ ಹಳ್ಳೀಲೂ ಬಂದ್ಬಿಟ್ಟಿದೆ, ಎಲ್ಲಾ ಕಂಡುಹಿಡಿದು ಮುಗಿದಿರೋ ಫೀಲ್ಡ್ ಅಂತ ಫ್ರೆಂಡ್ಸ್ ಹೇಳ್ತಾರೆ, ಅದು ನಿಜಾನಾ? ಈ ದಾರೀಲಿ ಹೋಗಿರೋರು ಯಾರಾದ್ರೂ ಇದ್ರೆ ದಯವಿಟ್ಟು ವಿವರವಾಗಿ ಬರೀರಿ.

ಫ್ಲಕ್ಸ್_ಮೇಷ್ಟ್ರು:

ನಾನು ಚಿಕ್ಕಮಗಳೂರಿನವ್ನು, ಈಗ ಕರಾವಳಿ ಕಡೆ ಒಂದು ಸರ್ಕಾರಿ ಸಂಸ್ಥೇಲಿ ಕೆಮಿಕಲ್ ಡಿಪಾರ್ಟ್‌ಮೆಂಟ್‌ನಲ್ಲಿ ಪಾಠ ಮಾಡ್ತೀನಿ, ಕೆಲಸ ಎಲ್ಲಾ ಮೆಂಬ್ರೇನ್ ಮೇಲೇ. ಉದ್ದ ಆಗುತ್ತಮ್ಮ, ಸಮಾಧಾನದಲ್ಲಿ ಓದು.

ಮೊದ್ಲು ವರ್ಷದ ಲೆಕ್ಕ. ಬಿಇ ಆದ್ಮೇಲೆ ಗೇಟ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ಎಂಟೆಕ್ 2 ವರ್ಷ, ಪಿಎಚ್‌ಡಿ ಸಾಧಾರಣವಾಗಿ 5 ವರ್ಷ ಹಿಡಿಯುತ್ತೆ, ಆಮೇಲೆ ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಮುಗಿಸಿ ಬೇರೆ ಲ್ಯಾಬ್‌ನಲ್ಲಿ ಮಾಡೋ ರಿಸರ್ಚ್, ಒಂದೆರಡು ವರ್ಷ. ಐಐಎಸ್‌ಸಿ, ಐಐಟಿಗಳಲ್ಲಿ ಬಿಇ ಮುಗಿಸಿ ನೇರವಾಗಿ ಪಿಎಚ್‌ಡಿಗೆ ಸೇರೋಕೂ ದಾರಿ ಇದೆ, ಹಂಗೆ ಹೋದ್ರೆ ಸ್ವಲ್ಪ ಉಳಿಯುತ್ತೆ. ಎನ್‌ಐಟಿಗಳಲ್ಲಿ ಪಿಎಚ್‌ಡಿ ಆದ ತಕ್ಷಣ ಸೇರಿದ್ರೆ ಅಸಿಸ್ಟೆಂಟ್ ಪ್ರೊಫೆಸರ್ ಸಂಬಳದ ಶ್ರೇಣಿ ಲೆವೆಲ್ 10ರಲ್ಲಿ, ಪಿಎಚ್‌ಡಿ ನಂತರ 3 ವರ್ಷ ಅನುಭವ ಇದ್ರೆ ಲೆವೆಲ್ 12, ಅಂದ್ರೆ ತಿಂಗಳ ಮೂಲವೇತನ 1,01,500 ರೂಪಾಯಿಂದ ಶುರು. ಅಲ್ಲಿಂದ ಅಸೋಸಿಯೇಟ್, ಆಮೇಲೆ ಪ್ರೊಫೆಸರ್, ಲೆವೆಲ್ 14ಎ, ಮೂಲವೇತನ 1,59,100. ಅಪ್ಪಂಗೆ ಇದನ್ನ ತೋರ್ಸು. ದುಡ್ಡಿನ ವಿಷಯದಲ್ಲಿ ಹೆದರೋ ದಾರಿ ಅಲ್ಲ ಇದು, ಆದ್ರೆ ತಡವಾಗಿ ಕೈಗೆ ಬರುತ್ತೆ, ಮೂವತ್ತರ ಆಸುಪಾಸಿನವರೆಗೂ ಫೆಲೋಶಿಪ್ ಮೇಲೇ ಬದುಕು. ಸೀಟುಗಳೂ ಕಮ್ಮಿ, ಒಳ್ಳೆ ಪಿಎಚ್‌ಡಿ ಇದ್ದೂ ಕಾಯೋ ಹುಡುಗ್ರು ನನ್ ಕಣ್ಣೆದುರೇ ಇದಾರೆ, ಅದನ್ನ ಮುಚ್ಚಿಡಲ್ಲ.

ಖಾಸಗಿ ಕಾಲೇಜಿನ ಬದುಕು ಬೇರೆ. ಅಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಕ್ಲಾಸು, ಅದರ ಮೇಲೆ ಅಡ್ಮಿಷನ್ನು, ಅಕ್ರೆಡಿಟೇಷನ್ ಫೈಲು, ಇಂಟರ್ನಲ್ಸು ಎಲ್ಲಾ ಸೇರಿ ಲ್ಯಾಬ್‌ಗೆ ಹೋಗೋಕೆ ಸಂಜೆನೇ ಆಗುತ್ತೆ. ಅಲ್ಲಿದ್ಕೊಂಡೇ ಚೆನ್ನಾಗಿ ರಿಸರ್ಚ್ ಮಾಡೋರು ಇದಾರೆ, ಅವ್ರ ಬಗ್ಗೆ ನಂಗೆ ತುಂಬಾ ಗೌರವ.

ಇನ್ನು ಫೀಲ್ಡ್ ಮುಗಿದಿದೆ ಅನ್ನೋ ಮಾತು. ಇದನ್ನ ಸುಳ್ಳು ಅಂತ ಧೈರ್ಯವಾಗಿ ಹೇಳ್ತೀನಿ. ಇತಿಹಾಸ ಸ್ವಲ್ಪ ನೋಡು. ಸೆಲ್ಯುಲೋಸ್ ಅಸಿಟೇಟ್ ಹಾಳೆ ಉಪ್ಪು ತಡೆಯುತ್ತೆ ಅಂತ 1950ರ ದಶಕದಲ್ಲೇ ಫ್ಲೋರಿಡಾದಲ್ಲಿ ರೀಡ್ ಅನ್ನೋರು ತೋರಿಸಿದ್ರು, ಆದ್ರೆ ಅದರಲ್ಲಿ ನೀರು ಬರ್ತಿದ್ದಿದ್ದು ತೊಟ್ಟು ತೊಟ್ಟು, ಯಾವ ಕೆಲಸಕ್ಕೂ ಬರ್ತಿರಲಿಲ್ಲ. ಆಮೇಲೆ 1959-60ರ ಹೊತ್ತಿಗೆ ಕ್ಯಾಲಿಫೋರ್ನಿಯಾ ಯೂನಿವರ್ಸಿಟೀಲಿ, ಲಾಸ್ ಏಂಜಲೀಸ್‌ನಲ್ಲಿ, ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ ಇಬ್ರೂ ಸೇರಿ ಮಾಡಿದ್ದೇ ನೀನು ಗಾಜಿನ ಮೇಲೆ ಮಾಡಿದ ಕೆಲಸದ ಮೂಲ. ಕಾದ ಹಾಲು ಆರುವಾಗ ಕೆನೆ ಕಟ್ಟುತ್ತಲ್ಲ, ಹಂಗೆ ಮೇಲೊಂದು ತೀರಾ ತೆಳು ಗಟ್ಟಿ ಪದರ, ಕೆಳಗೆಲ್ಲಾ ಸ್ಪಂಜು. ತಡೆಯೋ ಕೆಲಸ ಆ ತೆಳು ಪದರದ್ದು, ಹೊರೋ ಕೆಲಸ ಕೆಳಗಿನದ್ದು. ಇಷ್ಟರಿಂದ ನೀರು ಹಲವು ಪಟ್ಟು ಜಾಸ್ತಿ ಬಂತು, 1965ಕ್ಕೆ ಕ್ಯಾಲಿಫೋರ್ನಿಯಾದ ಕೊಅಲಿಂಗ ಅನ್ನೋ ಸಣ್ಣ ಊರಲ್ಲಿ ಅದೇ ಮೆಂಬ್ರೇನ್ ಹಾಕಿ ಜನಕ್ಕೆ ಉಪ್ಪು ನೀರು ಸಿಹಿ ಮಾಡಿ ಕೊಟ್ರು.

ಅದೇ ಲೋಬ್, ಇಂಡಸ್ಟ್ರೀಲಿ ವರ್ಷಗಟ್ಟಲೆ ಕೆಲಸ ಮಾಡಿ ಆಮೇಲೆ ಓದೋಕೆ ಬಂದಿದ್ದು. ಆಮೇಲೆ ಇಸ್ರೇಲ್‌ಗೆ ಹೋಗಿ ಬೆನ್ ಗುರಿಯನ್ ಯೂನಿವರ್ಸಿಟೀಲಿ ಪಾಠ ಮಾಡ್ತಾ ಉಪ್ಪು ನೀರು ಸಿಹಿ ನೀರು ಸೇರೋ ಕಡೆ ಆಸ್ಮೋಸಿಸ್‌ನಿಂದಲೇ (ಸಿಹಿ ನೀರು ಮೆಂಬ್ರೇನ್ ದಾಟಿ ತಾನಾಗೇ ಉಪ್ಪು ನೀರಿನ ಕಡೆ ಹೋಗೋದು) ಕರೆಂಟ್ ತೆಗೀಬಹುದು ಅನ್ನೋ ಐಡಿಯಾ ಕೊಟ್ರು. ಅದಕ್ಕೇ ಹೇಳ್ತೀನಿ, ನೀನೀಗ ಕೆಲಸಕ್ಕೆ ಹೋದ್ರೂ ಬಾಗಿಲು ಮುಚ್ಚಲ್ಲ. ಪ್ಲಾಂಟ್‌ನಲ್ಲಿ ಒಂದೆರಡು ವರ್ಷ ಪಂಪು ವಾಲ್ವು ಮುಟ್ಟಿ ಬಂದೋರು ಪಿಎಚ್‌ಡೀಲಿ ಎಷ್ಟು ಗಟ್ಟಿ ಇರ್ತಾರೆ ಅಂತ ನಾನು ನೋಡಿದೀನಿ.

ಆಮೇಲೆ 1970ರ ದಶಕದಲ್ಲಿ ಕ್ಯಾಡಟ್ ಅನ್ನೋರು ಎರಡು ಕೆಮಿಕಲ್‌ನ, ಒಂದು ನೀರಲ್ಲಿ ಇನ್ನೊಂದು ಎಣ್ಣೆಯಂಥಾ ಸಾಲ್ವೆಂಟಲ್ಲಿ ಇಟ್ಟು, ಎರಡೂ ಸೇರೋ ಗಡೀಲಿ ಪಾಲಿಅಮೈಡ್ ಪದರ ಬೆಳೆಸಿದ್ರು. ಇವತ್ತಿಗೂ ನಿಮ್ಮೂರ ಆರ್‌ಓ ಘಟಕದಲ್ಲಿ ಇರೋದು ಅದೇ ಜಾತೀದು. ಅದರ ದಪ್ಪ 100-200 ನ್ಯಾನೋಮೀಟರ್, ಅಷ್ಟೇ. ಇಷ್ಟು ವರ್ಷ ಆದ್ರೂ ಅದರ ದೊಡ್ಡ ಕಾಯಿಲೆ ಹಂಗೇ ಇದೆ, ಕ್ಲೋರಿನ್ ತಡೆಯಲ್ಲ. ಕ್ರಿಮಿ ಸಾಯಿಸೋಕೆ ಕ್ಲೋರಿನ್ ಬೇಕು, ಮೆಂಬ್ರೇನ್ ಉಳಿಸೋಕೆ ಅದನ್ನ ಮತ್ತೆ ತೆಗೀಬೇಕು. ಈ ಒಂದು ಪ್ರಶ್ನೆ ಹಿಡ್ಕೊಂಡು ಜೀವನ ಪೂರ್ತಿ ಕೆಲಸ ಮಾಡಿದೋರು ಇದಾರೆ.

ಇನ್ನೂ ಕೇಳು. ಆರ್‌ಓ ಒಳಗೆ ನೀರು ಹೆಂಗೆ ದಾಟುತ್ತೆ ಅನ್ನೋದಕ್ಕೆ 1965ರಿಂದ ನಾವೆಲ್ಲಾ ಒಂದೇ ಪಾಠ ಮಾಡ್ಕೊಂಡು ಬಂದ್ವಿ, ನೀರಿನ ಅಣು ಪಾಲಿಮರ್ ಒಳಗೆ ಕರಗಿ, ಒಂದೊಂದಾಗಿ ಡಿಫ್ಯೂಸ್ ಆಗಿ, ಅಂದ್ರೆ ಮೆಲ್ಲಗೆ ನುಸುಳ್ಕೊಂಡು, ಆಚೆ ಹೋಗುತ್ತೆ ಅಂತ. 2023ರಲ್ಲಿ ಯೇಲ್ ಯೂನಿವರ್ಸಿಟಿಯ ಎಲಿಮೆಲೆಕ್ ಅವರ ಗುಂಪು ಅದು ಹಂಗಲ್ಲ, ಒಳಗಿರೋ ಸಣ್ಣ ಸಣ್ಣ ಖಾಲಿ ಜಾಗಗಳ ಮೂಲಕ ಒತ್ತಡದಿಂದ ಹರ್ಕೊಂಡೇ ಹೋಗುತ್ತೆ ಅಂತ ಪೇಪರ್ ಹಾಕಿದ್ರು, ದೊಡ್ಡ ವಾದ ಎದ್ದಿದೆ. ದಿನಾ ಕೋಟಿಗಟ್ಟಲೆ ಲೀಟರ್ ನೀರು ಕೊಡ್ತಿರೋ ವಸ್ತು ಒಳಗೆ ಏನಾಗ್ತಿದೆ ಅನ್ನೋದೇ ಚರ್ಚೇಲಿರುವಾಗ ಫೀಲ್ಡ್ ಮುಗೀತು ಅನ್ನೋದು ಹೆಂಗೆ?

ದಿನದ ಕೆಲಸ ಕೇಳಿದ್ಯಲ್ಲ. ಮೊದಲ ವರ್ಷಗಳು ಲ್ಯಾಬ್ ಕಟ್ಟೋದ್ರಲ್ಲೇ ಹೋಗುತ್ತೆ. ಖಾಲಿ ರೂಮ್ ಕೊಡ್ತಾರೆ, ನೀನು ಪ್ರಪೋಸಲ್ ಬರೀಬೇಕು, ದುಡ್ಡು ಬರಬೇಕು, ಟೆಂಡರ್ ಆಗ್ಬೇಕು, ಮೆಂಬ್ರೇನ್ ಪರೀಕ್ಷೆ ಮಾಡೋ ಕ್ರಾಸ್‌ಫ್ಲೋ ಸೆಲ್ಲು, ಹೈ ಪ್ರೆಶರ್ ಪಂಪು ಬರಬೇಕು, ಅಷ್ಟ್ರೊಳಗೆ ಮೊದಲ ಸ್ಟೂಡೆಂಟ್ ಬಂದು ಕೂತಿರ್ತಾನೆ. ಆಮೇಲಿನ ಹತ್ತು ವರ್ಷ ನಿನ್ನ ಕೈ ಮೆಂಬ್ರೇನ್ ಬಿಟ್ಟು ಮಕ್ಕಳ ಡ್ರಾಫ್ಟ್ ತಿದ್ದೋಕೆ ಹೋಗುತ್ತೆ, ಇದು ಯಾರೂ ಮೊದ್ಲೇ ಹೇಳಲ್ಲ. ನೀನು ಇಷ್ಟಪಟ್ಟ ಆ ಗಾಜಿನ ಪ್ಲೇಟ್ ಕೆಲಸ ನಿನ್ನ ಮಕ್ಕಳು ಮಾಡ್ತಾರೆ, ಅವರಿಗೆ ಎಲ್ಲಿ ತಪ್ತು ಅಂತ ಕಂಡುಹಿಡಿಯೋದು ನಿನ್ನ ಕೆಲಸ. ಮಾಸ್ ಟ್ರಾನ್ಸ್‌ಫರ್ ಪಾಠ ಮಾಡೋದು ನಂಗೆ ಈಗ್ಲೂ ಇಷ್ಟ, ಪಾಠ ಇಷ್ಟ ಇಲ್ದೋರು ಈ ಕಡೆ ಬರಬಾರ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಅವರಿಗೆ ರಿಸರ್ಚ್ ಲ್ಯಾಬ್‌ಗಳಿವೆ, ಭಾವನಗರದ ಸಿಎಸ್‌ಎಂಸಿಆರ್‌ಐ ಇದೆ, ಹೈದರಾಬಾದ್‌ನ ಐಐಸಿಟಿ ಇದೆ, ಎರಡ್ರಲ್ಲೂ ಮೆಂಬ್ರೇನ್ ಕೆಲಸ ಬಹಳ ಕಾಲದಿಂದ ನಡೀತಿದೆ.

ಕೊನೇದಾಗಿ ಒಂದು ಮಾತು. ಗೈಡ್ ಹುಡುಕುವಾಗ ಅವರ ಲ್ಯಾಬ್‌ನಲ್ಲಿ ಯಾವ ನೀರು ಓಡ್ತಿದೆ ಅಂತ ನೋಡು. ಡಿಸ್ಟಿಲ್ಡ್ ವಾಟರ್‌ಗೆ ಒಂಚೂರು ಉಪ್ಪೋ ಪ್ರೋಟೀನೋ ಹಾಕಿ ಒಂದೆರಡು ಗಂಟೆ ಓಡಿಸಿ 98 ಪರ್ಸೆಂಟ್ ತಡೀತು ಅಂತ ಬರೆಯೋ ಪೇಪರ್‌ಗಳು ರಾಶಿ ಬಿದ್ದಿವೆ. ನಿಜವಾದ ಬೋರ್‌ವೆಲ್ ನೀರು, ಡೈರಿ ನೀರು, ಫ್ಯಾಕ್ಟರಿ ನೀರು ವಾರಗಟ್ಟಲೆ ಓಡಿಸಿ ಏನಾಯ್ತು ಅಂತ ಬರೆಯೋರು ಕಮ್ಮಿ. ಆ ಕಮ್ಮಿ ಇರೋರ ಹತ್ರ ಹೋಗು. ಈ ಕಸುಬಲ್ಲಿ ಮೂವತ್ತು ವರ್ಷ ಉಳಿಯೋರು ಅವರೇ.

ಕಡೂರು_ಆರ್‌ಓ:

ಮೇಷ್ಟ್ರು ಕೊನೇಲಿ ಹೇಳಿದ್ದು ನನ್ನ ಮನಸ್ಸಲ್ಲಿದ್ದ ಮಾತು ಸಾರ್. ನಾನು ಡಿಪ್ಲೊಮಾ ಓದಿರೋನು, ಕಡೂರು, ಬೀರೂರು, ಅರಸೀಕೆರೆ ಕಡೆ ಶುದ್ಧ ಕುಡಿಯುವ ನೀರಿನ ಘಟಕಗಳ ಮೇಂಟೆನೆನ್ಸ್ ಮಾಡ್ತೀನಿ. 5 ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರ್ ಬರೋ ಮಿಷನ್ನು, ಎಲ್ರಿಗೂ ಗೊತ್ತಿರೋದೇ.

ತಂಗೀ, ಫೀಲ್ಡ್ ಮುಗಿದೈತೆ ಅನ್ನೋರ್ನ ಒಂದ್ಸಲ ನನ್ ಜೊತೆ ಗಾಡೀಲಿ ಕೂರ್ಸಿ ಕಳ್ಸು. ನಮ್ಮ ಬಯಲುಸೀಮೆ ಬೋರ್ ನೀರು ಗಡಸು, ಆಳಕ್ಕೆ ಹೋದಷ್ಟೂ ಟಿಡಿಎಸ್, ಅಂದ್ರೆ ಕರಗಿರೋ ಉಪ್ಪಿನಂಶ, ಏರುತ್ತೆ, ಕೆಲವು ಊರಲ್ಲಿ ಫ್ಲೋರೈಡ್ ಬೇರೆ. ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ ಅಂತ ಸ್ಟ್ಯಾಂಡರ್ಡ್ ಐತೆ. ಆರ್‌ಓ ಚೆನ್ನಾಗಿದ್ರೆ ಅದನ್ನ ಇಳಿಸುತ್ತೆ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಚೆನ್ನಾಗಿರೋದು ಎಷ್ಟು ದಿನ ಅನ್ನೋದೇ ಪ್ರಶ್ನೆ. ಸುಣ್ಣ ಕಟ್ಟದಂಗೆ ಆಂಟಿಸ್ಕೇಲೆಂಟ್ ಕೆಮಿಕಲ್ ಬಿಡೋ ಡೋಸಿಂಗ್ ಪಂಪು ನಿಂತೋಗಿರುತ್ತೆ, ಕ್ಯಾನಲ್ಲಿ ಕೆಮಿಕಲ್ ಖಾಲಿ, ಯಾರೂ ನೋಡಿರಲ್ಲ. ಸುಣ್ಣ ಮೆಂಬ್ರೇನ್ ಮೇಲೆ ಕಟ್ಕೊಳುತ್ತೆ, ನೀರು ಕಮ್ಮಿ ಬರುತ್ತೆ, ಆಪರೇಟರ್ ಪ್ರೆಶರ್ ಜಾಸ್ತಿ ಮಾಡ್ತಾನೆ, ಇನ್ನೂ ಕಟ್ಕೊಳುತ್ತೆ. ಆಮೇಲೆ ನನ್ ಕರೀತಾರೆ. ಸಿಟ್ರಿಕ್ ಆಸಿಡ್ ಹಾಕಿ ತೊಳೆದ್ರೆ ಸುಣ್ಣ ಬಿಟ್ಟು ಬರುತ್ತೆ, ಸಿಲಿಕಾ ಕೂತಿದ್ರೆ ಅದಕ್ಕೆ ಜಗ್ಗಲ್ಲ, ಎಲಿಮೆಂಟ್, ಅಂದ್ರೆ ಮೆಂಬ್ರೇನ್ ಸುತ್ತಿಟ್ಟಿರೋ ಸುರುಳಿನೇ, ಬದಲಾಯಿಸ್ಬೇಕು, ದುಡ್ಡು ಯಾರು ಕೊಡ್ಬೇಕು ಅಂತ ಕಾಗದ ಓಡಾಡೋ ಹೊತ್ತಿಗೆ ಘಟಕಕ್ಕೆ ಬೀಗ. ಊರ ಹೆಣ್ಮಕ್ಕಳು ಬಿಂದಿಗೆ ಹಿಡ್ಕೊಂಡು ಮತ್ತೆ ಬೋರ್ ಹತ್ರ.

ಇನ್ನೊಂದು ರಿಜೆಕ್ಟ್ ನೀರು. ಒಳಗೆ ಹೋದ ನೀರಲ್ಲಿ ಅರ್ಧದಷ್ಟು, ಕೆಲವು ಕಡೆ ಅದಕ್ಕೂ ಜಾಸ್ತಿ, ಉಪ್ಪು ಫ್ಲೋರೈಡ್ ಎಲ್ಲಾ ಹೊತ್ಕೊಂಡು ಚರಂಡಿಗೆ ಹೋಗುತ್ತೆ. ನೀರಿಲ್ದೇ ಒದ್ದಾಡೋ ತಾಲ್ಲೂಕಲ್ಲಿ ಇದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅದು ಮತ್ತೆ ನೆಲಕ್ಕೇ ಇಳಿಯೋದು ಅಲ್ವಾ?

ನಾನು ಕೇಳೋದು ಇಷ್ಟೇ, ಮೆಂಬ್ರೇನ್ ಬಗ್ಗೆ ಡಾಕ್ಟರೇಟ್ ಮಾಡಿದೋರು ಒಬ್ರಾದ್ರೂ ನಮ್ ಘಟಕದೊಳಗೆ ಬಂದು ಹಳೇ ಎಲಿಮೆಂಟ್ ಬಿಚ್ಚಿ ನೋಡಿದ್ದನ್ನ ನಾನು ಕಂಡಿಲ್ಲ. ಬರೀ ಬಯ್ಯೋಕೆ ಹೇಳ್ತಿಲ್ಲ. ಬಂದ್ರೆ ನಮಗೂ ಕಲಿಯೋಕೆ ಆಗುತ್ತೆ, ಅವ್ರಿಗೂ ಆಗುತ್ತೆ. ಈ ಹುಡುಗಿ ಆ ದಾರೀಲಿ ಹೋಗೋದಾದ್ರೆ ಅವ್ರಪ್ಪಂಗೆ ನಾನೇ ಹೇಳ್ತೀನಿ, ಕಳ್ಸಿ ಯಜಮಾನ್ರೆ ಅಂತ.

ಹಾಸನದ_ಸ್ಕಾಲರ್:

ನಾನು ಹಾಸನದವಳು, ಈಗ ಮೆಂಬ್ರೇನ್ ಮೇಲೇ ಪಿಎಚ್‌ಡಿ ಮಾಡ್ತಿದೀನಿ, ಬೇರೆ ರಾಜ್ಯದಲ್ಲಿ. ಹುಡುಗಿ ಅಂತ ಹೇಳ್ಕೊಂಡಿದ್ದಕ್ಕೆ ಕೆಲವು ವಿಷಯ ನೇರವಾಗಿ ಹೇಳ್ತೀನಿ.

ಹೊಟ್ಟೆಪಾಡು: ಜೆಆರ್‌ಎಫ್ ಅನ್ನೋ ರಿಸರ್ಚ್ ಫೆಲೋಶಿಪ್ ಈಗ ಮೊದಲ 2 ವರ್ಷ ತಿಂಗಳಿಗೆ 37,000, ಆಮೇಲೆ 42,000, 2023ರಲ್ಲಿ ಜಾಸ್ತಿ ಮಾಡಿದ್ದು. ಹಾಸ್ಟೆಲ್‌ನಲ್ಲಿದ್ರೆ ಆರಾಮಾಗಿ ನಡೆಯುತ್ತೆ, ಮನೆಗೂ ಸ್ವಲ್ಪ ಕಳಿಸ್ಬಹುದು. ಆದ್ರೆ ಫೆಲೋಶಿಪ್ ಕೆಲವು ಕಡೆ ತಿಂಗಳು ತಿಂಗಳು ಸರಿಯಾಗಿ ಬರಲ್ಲ, ಬಾಕಿ ಉಳಿದು ಒಟ್ಟಿಗೆ ಬರುತ್ತೆ, ಸೇರೋ ಮುಂಚೆ ಸೀನಿಯರ್‌ಗಳ ಹತ್ರ ಇದೊಂದನ್ನ ಕೇಳ್ಲೇಬೇಕು.

ಮದುವೆ ವಿಷಯ. ನಮ್ಮ ಲ್ಯಾಬ್‌ನಲ್ಲಿ ಮದುವೆ ಆಗಿ ಮಗು ಆಗಿ ಥೀಸಿಸ್ ಮುಗಿಸಿದ ಅಕ್ಕ ಇದಾರೆ, ಮೆಟರ್ನಿಟಿ ರಜೆ ಫೆಲೋಶಿಪ್ ಸಮೇತ ಸಿಗುತ್ತೆ. ಕಷ್ಟ ಇರೋದು ರಜೇಲಿ ಅಲ್ಲ, ಮುಗಿಸಿದ ಮೇಲೆ ಪೋಸ್ಟ್‌ಡಾಕ್‌ಗೆ ಅಂತ ಊರು ದೇಶ ಬದಲಾಯಿಸೋ ಟೈಮ್‌ನಲ್ಲಿ. ಗಂಡನ ಮನೆಯವರು ಪಿಎಚ್‌ಡಿಗೆ ಹೂಂ ಅಂದಿರ್ತಾರೆ, ಪೋಸ್ಟ್‌ಡಾಕ್ ಅಂದ್ರೆ ಮತ್ತೆ ಯಾಕಮ್ಮ ಓದು ಅಂತಾರೆ. ಅಮ್ಮನ ಜೊತೆ ಈಗ್ಲೇ ಕೂತು ಪೂರ್ತಿ ದಾರಿ ಹೇಳಿ, ಅರ್ಧ ಹೇಳ್ಬೇಡಿ. ಸಂಬಂಧ ಬಂದಾಗ್ಲೂ ಪೂರ್ತಿ ಹೇಳಿ.

ಆರೋಗ್ಯ. ನೀವು ಪ್ರಾಜೆಕ್ಟ್‌ನಲ್ಲಿ ಬಳಸಿದ ಸಾಲ್ವೆಂಟ್ ಸಾಮಾನ್ಯವಾಗಿ ಡಿಎಂಎಫ್ ಅಥವಾ ಎನ್‌ಎಂಪಿ ಇರುತ್ತೆ, ಎರಡೂ ಗರ್ಭಕ್ಕೆ ಒಳ್ಳೇದಲ್ಲ, ಯೂರೋಪಲ್ಲಿ ಎರಡರ ಮೇಲೂ ನಿರ್ಬಂಧ ಇದೆ. ಆವಿ ಹೊರಗೆ ಎಳೆಯೋ ಫ್ಯೂಮ್ ಹುಡ್ ಇಲ್ದೆ, ಸರಿಯಾದ ಗ್ಲೌಸ್ ಇಲ್ದೆ ಕಾಸ್ಟಿಂಗ್ (ಗಾಜಿನ ಮೇಲೆ ಹಾಳೆ ಎಳೆಯೋದು) ಮಾಡ್ಬೇಡಿ, ಎಷ್ಟೇ ಅರ್ಜೆಂಟ್ ಇರ್ಲಿ. ಹಾಳೆ ಮುಳುಗಿಸಿದ ನೀರಲ್ಲೂ ಸಾಲ್ವೆಂಟ್ ಇರುತ್ತೆ, ಅದನ್ನ ಸಿಂಕ್‌ಗೆ ಸುರೀಬಾರದು. ನೀರು ಶುದ್ಧ ಮಾಡೋ ಮೆಂಬ್ರೇನ್ ಮಾಡೋಕೆ ನಾವೇ ನೀರು ಕೆಡಿಸ್ತಿದೀವಿ ಅನ್ನೋದು ನನಗೆ ನಿದ್ದೆ ಕೆಡಿಸೋ ವಿಷಯ, ನನ್ನ ಥೀಸಿಸ್ಸೂ ಅದರ ಮೇಲೇ, ಕಮ್ಮಿ ಅಪಾಯದ ಸಾಲ್ವೆಂಟಲ್ಲಿ ಅದೇ ಗುಣದ ಮೆಂಬ್ರೇನ್ ಬರುತ್ತಾ ಅಂತ.

ಮೇಷ್ಟ್ರೇ, ಒಂದು ವಿಷಯಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಡಿಸ್ಟಿಲ್ಡ್ ವಾಟರ್ ಟೆಸ್ಟ್‌ನ ಅಷ್ಟು ಕೆಳಗೆ ಹಾಕ್ಬೇಡಿ. ಹೊಸ ಪದರ ಯಾಕೆ ಹಿಂಗೆ ವರ್ತಿಸ್ತಿದೆ ಅಂತ ತಿಳೀಬೇಕಾದ್ರೆ ಒಂದೊಂದೇ ವಸ್ತು ಹಾಕಿ ನೋಡ್ಲೇಬೇಕು, ಬೋರ್ ನೀರಲ್ಲಿ ಇಪ್ಪತ್ತು ವಸ್ತು ಒಟ್ಟಿಗೆ ಇದ್ರೆ ಯಾವುದರಿಂದ ಏನಾಯ್ತು ಅಂತ ಹೇಳೋದು ಹೆಂಗೆ? ಲೋಬ್, ಸೌರಿರಾಜನ್ನೂ ಮೊದ್ಲು ಲ್ಯಾಬ್‌ನಲ್ಲಿ ಉಪ್ಪು ನೀರು ಇಟ್ಕೊಂಡೇ ಕೂತಿದ್ರಲ್ವಾ.

ಫ್ಲಕ್ಸ್_ಮೇಷ್ಟ್ರು:

ಸ್ಕಾಲರ್ ಅಮ್ಮ, ನೀನು ಹೇಳಿದ್ದು ಸರಿ. ಶುರು ಮಾಡೋದು ಅಲ್ಲಿಂದಲೇ, ಅಲ್ಲೇ ನಿಲ್ಲಿಸೋದು ಬೇಡ ಅಂತ ನನ್ನ ಮಾತು. ಸಾಲ್ವೆಂಟ್ ಬಗ್ಗೆ ಬರೆದಿದ್ದಕ್ಕೆ ಕೈ ಮುಗೀತೀನಿ, ಆ ಹುಡುಗಿ ಅದನ್ನ ಮೊದ್ಲು ಓದ್ಬೇಕು.

ಕಡೂರಿನೋರೆ, ನಿಮ್ಮ ಮಾತಿಗೆ ಉತ್ತರ ಕೊಡೋ ಜವಾಬ್ದಾರಿ ನಮ್ಮಂಥೋರದ್ದೇ. ನಮ್ಮ ಕಸುಬಲ್ಲಿ ಪ್ರಮೋಷನ್‌ಗೆ ಎಣಿಸೋದು ಪೇಪರು, ಪ್ರಾಜೆಕ್ಟ್ ದುಡ್ಡು, ಪಿಎಚ್‌ಡಿ ಮಕ್ಕಳು. ಕೆಟ್ಟ ಎಲಿಮೆಂಟ್ ಬಿಚ್ಚಿ ಸುಣ್ಣ ಯಾವುದು ಸಿಲಿಕಾ ಯಾವುದು ಅಂತ ನೋಡೋಕೆ ಆಟಾಪ್ಸಿ ಅಂತ ಒಂದು ಪದ್ಧತೀನೇ ಇದೆ, ಒಳ್ಳೆ ವಿಜ್ಞಾನ ಅದು, ಆದ್ರೆ ಅದಕ್ಕೆ ಹೊಸದು ಏನಿದೆ ಅಂತ ರಿವ್ಯೂವರ್ ಕೇಳ್ತಾರೆ. ಇದು ಬದಲಾಗ್ಬೇಕು ಅಂತ ನಾನು ಸೆಲೆಕ್ಷನ್ ಕಮಿಟಿಗಳಲ್ಲಿ ಕೂತಾಗೆಲ್ಲಾ ಹೇಳ್ತೀನಿ. ಕಾಯೋದು ಬೇಡ, ನಿಮ್ಮಲ್ಲಿ ತೆಗೆದ ಹಳೇ ಎಲಿಮೆಂಟ್ ಇದ್ರೆ ಒಣಗೋಕೆ ಬಿಡದೆ, ಒದ್ದೆ ಇರೋ ಹಂಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿ ಇಡಿ, ಮೆಸೇಜ್ ಹಾಕಿ, ಹುಡುಗ್ರನ್ನ ಕಳಿಸ್ತೀನಿ. ಜೊತೆಗೆ ಫೀಡ್ ನೀರು ಒಂದು ಲೀಟರ್, ರಿಜೆಕ್ಟ್ ಒಂದು ಲೀಟರ್, ತೊಳೆದ ಬಾಟಲಲ್ಲಿ ತುಂಬಾ ತುಂಬಿಸಿ, ಗಾಳಿ ಉಳೀಬಾರದು.

ರಿಜೆಕ್ಟ್ ವಿಷಯಕ್ಕೆ ಒಂದು ಮಾತು ಸೇರಿಸ್ತೀನಿ. ನೀರು ಜಾಸ್ತಿ ಹಿಂಡಿದಷ್ಟೂ ಉಳಿದ ನೀರಲ್ಲಿ ಸುಣ್ಣ, ಸಿಲಿಕಾ ದಟ್ಟ ಆಗುತ್ತೆ, ಅರ್ಧ ನೀರು ತೆಗೆದ್ರೆ ಉಳಿದಿದ್ದು ಎರಡು ಪಟ್ಟು, ಮುಕ್ಕಾಲು ತೆಗೆದ್ರೆ ನಾಲ್ಕು ಪಟ್ಟು. ಅದಕ್ಕೇ ರಿಜೆಕ್ಟ್ ಕಮ್ಮಿ ಮಾಡಿ ಅಂತ ಬರೀ ವಾಲ್ವ್ ತಿರುಗಿಸಿದ್ರೆ ಮೆಂಬ್ರೇನ್ ಬೇಗ ಸಾಯುತ್ತೆ. ಮೊದ್ಲೇ ಗಡಸು ತೆಗೆಯೋದಾ, ಅಥವಾ ಆರ್‌ಓಗಿಂತ ಸ್ವಲ್ಪ ಸಡಿಲ ಇರೋ ನ್ಯಾನೋಫಿಲ್ಟ್ರೇಷನ್ ಮೆಂಬ್ರೇನ್ ಹಾಕಿ ಕಮ್ಮಿ ಒತ್ತಡದಲ್ಲಿ ಫ್ಲೋರೈಡ್ ಎಷ್ಟು ಬೇಕೋ ಅಷ್ಟೇ ಇಳಿಸೋದಾ, ಇದು ಊರು ಊರಿನ ನೀರು ನೋಡಿ ತೀರ್ಮಾನ ಆಗ್ಬೇಕು. ಅರಸೀಕೆರೆಗೆ ಒಂದು, ತರೀಕೆರೆಗೆ ಒಂದು. ಇದನ್ನ ಮಾಡೋ ಪ್ರೊಫೆಸರ್ ಬೇಕಾಗಿರೋದು ನಮಗೆ.

ಮೂಡಿಗೆರೆ_ತೋಟ:

ಮಾರಾಯ್ರೆ, ನೀರಿನ ಮಾತು ನಡೀತಿದೆ ಅಂತ ನುಗ್ಗಿದೆ, ಕ್ಷಮಿಸಿ. ನಮ್ಮದು ಮೂಡಿಗೆರೆ ಹತ್ರ ಅರೇಬಿಕಾ ಕಾಫಿ ತೋಟ, ಕುಯ್ಲು ಶುರು ಆದ್ರೆ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮಿಷನ್ ನೀರಿನದ್ದೇ ತಲೆನೋವು. ಹಣ್ಣಿನ ಲೋಳೆ ಎಲ್ಲಾ ತೊಳೆದು ಬಂದ ನೀರು ಹುಳಿ ಬಂದು ನಾರುತ್ತೆ, ಹಳ್ಳಕ್ಕೆ ಬಿಟ್ರೆ ಮೀನು ಸಾಯುತ್ತೆ, ಬಿಡಬಾರದು ಸರಿ, ಹೊಂಡದಲ್ಲಿ ಎಷ್ಟು ಅಂತ ನಿಲ್ಲಿಸೋದು? ಹೇಮಾವತಿ ಹುಟ್ಟೋದೇ ನಮ್ಮ ತಾಲ್ಲೂಕಿನ ಜಾವಳೀಲಿ, ಆ ನೀರೇ ಮುಂದೆ ಗೊರೂರು ಡ್ಯಾಮ್‌ಗೆ ಹೋಗಿ ಹಾಸನದ ಜನ ಕುಡಿಯೋದು, ಅದು ಮನಸ್ಸಲ್ಲಿ ಇದ್ದೇ ಇರುತ್ತೆ. ಇದಕ್ಕೆ ಮೆಂಬ್ರೇನ್ ಹಾಕಿ ಆ ನೀರನ್ನೇ ಮತ್ತೆ ಪಲ್ಪರ್‌ಗೆ ಬಳಸ್ಬಹುದಾ ಮೇಷ್ಟ್ರೇ? ಒಬ್ರು ಸೇಲ್ಸ್‌ನೋರು ಬಂದು ನೇರವಾಗಿ ಆರ್‌ಓ ಹಾಕಿ ಅಂತ ಕೊಟೇಶನ್ ಕೊಟ್ಟಿದಾರೆ.

ಫ್ಲಕ್ಸ್_ಮೇಷ್ಟ್ರು:

ನೇರವಾಗಿ ಆರ್‌ಓ ಹಾಕ್ಬೇಡಿ, ದುಡ್ಡು ಹಳ್ಳಕ್ಕೆ ಹೋಗುತ್ತೆ. ಪಲ್ಪರ್ ನೀರಲ್ಲಿ ಪೆಕ್ಟಿನ್ ಇದೆ, ಅದೇ ಆ ಲೋಳೆ, ಅದು ಮೆಂಬ್ರೇನ್ ಮೇಲೆ ಜೆಲ್ ಆಗಿ ಕೂತ್ಕೊಂಡ್ರೆ ಕೆಲವೇ ಗಂಟೇಲಿ ನೀರು ನಿಲ್ಲುತ್ತೆ. ಮೊದ್ಲು ನೀರು ಬಳಸೋದೇ ಕಮ್ಮಿ ಮಾಡಿ, ಕಮ್ಮಿ ನೀರಿನ ಪಲ್ಪರ್‌ಗಳು, ಲೋಳೆ ತಿಕ್ಕಿ ತೆಗೆಯೋ ಮಿಷನ್‌ಗಳು ಇವೆ, ಸಿಪ್ಪೆ ಬೇರೆ ಮಾಡಿ ಗೊಬ್ಬರಕ್ಕೆ ಹಾಕಿ. ಉಳಿದ ನೀರಿಗೆ ಸುಣ್ಣ ಹಾಕಿ ಹುಳಿ ತೆಗೆದು, ಗಾಳಿ ಇಲ್ಲದ ಹೊಂಡದಲ್ಲಿ ಬ್ಯಾಕ್ಟೀರಿಯಾಗೆ ತಿನ್ನಿಸ್ಬೇಕು, ಗ್ಯಾಸೂ ಬರುತ್ತೆ, ಆಮೇಲೆ ಗಾಳಿ ಕೊಡೋ ಹೊಂಡ. ಇಷ್ಟೆಲ್ಲಾ ಆದ್ಮೇಲೆ ಉಳಿದಿದ್ದಕ್ಕೆ ಮೆಂಬ್ರೇನ್ ಬೇಕಾ ಅಂತ ಯೋಚ್ನೆ ಮಾಡೋದು. ಬಾಳೆಹೊನ್ನೂರು ಹತ್ರ ಸೀಗೋಡಿನಲ್ಲಿ ಕಾಫಿ ರಿಸರ್ಚ್ ಸ್ಟೇಷನ್ ನಿಮಗೆ ಹತ್ರಾನೇ ಇದೆಯಲ್ಲ, 1925ರಿಂದ ಇರೋ ಸಂಸ್ಥೆ, ಕೊಟೇಶನ್‌ಗೆ ಸೈನ್ ಹಾಕೋ ಮುಂಚೆ ಅಲ್ಲಿ ಹೋಗಿ ವಿಚಾರಿಸಿ.

ಅರಸೀಕೆರೆ ಹುಡುಗಿ, ಇದನ್ನೂ ಗಮನಿಸು. ಮೆಂಬ್ರೇನ್ ಪ್ರೊಫೆಸರ್ ಹತ್ರ ಜನ ಬರೋದು ಮೆಂಬ್ರೇನ್ ಬೇಕು ಅಂತ, ಅರ್ಧ ಸಲ ನಾವು ಹೇಳ್ಬೇಕಾದ ಉತ್ತರ ಇಲ್ಲಿ ಬೇಡ ಅಂತ. ಅಷ್ಟು ಹೇಳೋ ಧೈರ್ಯ ಬರೋಕೆ ಸೂಕ್ಷ್ಮಜೀವಿ, ರಸಾಯನ, ಪಂಪು, ದುಡ್ಡಿನ ಲೆಕ್ಕ ಎಲ್ಲಾ ಸ್ವಲ್ಪ ಸ್ವಲ್ಪ ಗೊತ್ತಿರ್ಬೇಕು.

ಅರಸೀಕೆರೆ_ಹುಡುಗಿ:

ಇಷ್ಟೊಂದು ಬರೀತೀರ ಅಂತ ನಾನು ಅಂದ್ಕೊಂಡೇ ಇರಲಿಲ್ಲ. ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಹಾಕಿದ ಸಂಬಳದ ಲೆಕ್ಕ, ಅಕ್ಕ ಬರೆದ ಮದುವೆ ವಿಷಯ ಎರಡನ್ನೂ ಅಪ್ಪ ಅಮ್ಮಂಗೆ ಓದಿ ಹೇಳಿದೆ. ಅಪ್ಪ ಕಡೂರು ಅಣ್ಣ ಬರೆದಿದ್ದನ್ನ ಎರಡು ಸಲ ಓದಿಸ್ಕೊಂಡ್ರು, ನಮ್ಮೂರ ಘಟಕನೂ ಬೀಗ ಹಾಕಿ ಬಿದ್ದಿದೆ.

ಸದ್ಯಕ್ಕೆ ನಾನು ಅಂದ್ಕೊಂಡಿರೋದು ಸಿಕ್ಕಿರೋ ಕೆಲಸಕ್ಕೆ ಸೇರೋದು, ಜೊತೇಲೇ ಗೇಟ್‌ಗೆ ಓದೋದು, ಆಮೇಲೆ ಪಿಎಚ್‌ಡಿ. ಲೋಬ್ ವಿಷಯ ಓದಿ ಧೈರ್ಯ ಬಂತು. ಕೊನೇ ಪ್ರಶ್ನೆ ಅಕ್ಕಂಗೆ, ಕೆಲಸದಲ್ಲಿದ್ಕೊಂಡು ಗೇಟ್ ಬರೆದ್ರೆ ಸ್ಕೋರ್ ಎಷ್ಟು ದಿನ ನಡೆಯುತ್ತೆ? ಗೈಡ್‌ಗೆ ಮೊದ್ಲೇ ಮೇಲ್ ಹಾಕ್ಬೇಕಾ, ಏನಂತ ಬರೀಬೇಕು?

ಹಾಸನದ_ಸ್ಕಾಲರ್:

ಗೇಟ್ ಸ್ಕೋರ್ ರಿಸಲ್ಟ್ ಬಂದ ದಿನದಿಂದ 3 ವರ್ಷ ನಡೆಯುತ್ತೆ, ಆದ್ರಿಂದ ಒಳ್ಳೆ ಪ್ಲಾನು. ಪರೀಕ್ಷೆ ಫೆಬ್ರವರೀಲಿ, ಅರ್ಜಿ ಅದರ ಹಿಂದಿನ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಕರೀತಾರೆ, ಮಿಸ್ ಮಾಡ್ಕೋಬೇಡ. ಓದೋಕೆ ಟೈಮ್ ಕಮ್ಮಿ ಇದ್ರೆ ಮ್ಯಾಥ್ಸ್, ಹೀಟ್ ಟ್ರಾನ್ಸ್‌ಫರ್, ಮಾಸ್ ಟ್ರಾನ್ಸ್‌ಫರ್, ಫ್ಲೂಯಿಡ್ ಮೆಕ್ಯಾನಿಕ್ಸ್ ಮೊದ್ಲು ಗಟ್ಟಿ ಮಾಡ್ಕೋ, ಮೆಂಬ್ರೇನ್‌ಗೂ ಇವೇ ಬೇಕಾಗೋದು.

ಮೇಲ್ ಮೊದ್ಲೇ ಹಾಕು. ನಿಮ್ಮ ಎಲ್ಲಾ ಪೇಪರ್ ಓದಿದೀನಿ ಅಂತ ಬರೀಬೇಡ, ಒಂದೇ ಪೇಪರ್ ಸರಿಯಾಗಿ ಓದಿ ಅದ್ರಲ್ಲಿ ನಿಂಗೆ ಅರ್ಥ ಆಗದ ಒಂದು ಗ್ರಾಫ್ ಬಗ್ಗೆ ಕೇಳು, ಪ್ರಾಜೆಕ್ಟ್‌ನಲ್ಲಿ ನಿನ್ನ ಕೈಯಾರೆ ಏನು ಮಾಡ್ದೆ, ಪಾಲಿಮರ್ ಎಷ್ಟು ಪರ್ಸೆಂಟ್, ಫ್ಲಕ್ಸ್ (ಮೆಂಬ್ರೇನ್ ದಾಟಿ ಬರೋ ನೀರಿನ ಪ್ರಮಾಣ) ಎಷ್ಟು ಬಂತು ಅನ್ನೋದನ್ನ ನಾಲ್ಕು ಸಾಲಲ್ಲಿ ಹಾಕು. ಉತ್ತರ ಬರದಿದ್ರೆ ಬೇಜಾರಾಗ್ಬೇಡ, ಎರಡು ವಾರ ಬಿಟ್ಟು ಮತ್ತೆ ಹಾಕು. ಆಮೇಲೆ ಅದೇ ಲ್ಯಾಬ್‌ನ ಸ್ಟೂಡೆಂಟ್ ಒಬ್ರಿಗೆ ಫೋನ್ ಮಾಡಿ ಗೈಡ್ ವಾರಕ್ಕೆ ಎಷ್ಟು ಸಲ ಮಾತಾಡ್ತಾರೆ, ಹೋದ ಸ್ಟೂಡೆಂಟ್‌ಗಳು ಎಷ್ಟು ವರ್ಷಕ್ಕೆ ಮುಗಿಸಿದ್ರು, ಲ್ಯಾಬ್‌ನಲ್ಲಿ ಫ್ಯೂಮ್ ಹುಡ್ ಕೆಲಸ ಮಾಡುತ್ತಾ, ಈ ಮೂರು ಕೇಳು. ಡ್ರಾಫ್ಟ್ ರೆಡಿ ಆದ್ಮೇಲೆ ನಂಗೆ ಇನ್‌ಬಾಕ್ಸ್ ಮಾಡು, ನೋಡಿ ಹೇಳ್ತೀನಿ.